ಉಡಿಯೊಳಗಿನ ಬಾಳೆಹೂವು

ಹೋದ ತಿಂಗಳ ಒಂದು ಭಾನುವಾರ ನಮ್ಮ ಯಜಮಾನರು ಸ್ವಂತ ಮನೆಯಲ್ಲೇ ಕಳ್ಳತನ ಮಾಡುವಾಗ ಸಿಕ್ಕಿಬಿದ್ದರು.

ಗಾಬರಿಯಾಗಬೇಡಿ, ಕದ್ದದ್ದು ಏನೂ ಇಲ್ಲ. ಹಾಲ್‌ನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಮುಷ್ಟಿಗಾತ್ರದ ಒಂದು ರಟ್ಟಿನ ಡಬ್ಬಿಯನ್ನು ಕಿವಿಗೆ ಹಿಡಿದು, ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ ಅಲ್ಲಾಡಿಸುತ್ತಿದ್ದರು. ರಿಟೈರ್‌ಮೆಂಟ್ ಹತ್ತಿರ ಬಂದಿರುವ ಬ್ಯಾಂಕ್ ಮ್ಯಾನೇಜರ್! (ಬ್ಯಾಂಕಿನಲ್ಲಿ ಇವರನ್ನು ಕಂಡರೆ ಜನ ಎದ್ದು ನಿಲ್ಲುತ್ತಾರಂತೆ. ನಾನು ನೋಡಿಲ್ಲ, ಅವರೇ ಹೇಳಿದ್ದು.)

"ಚಿಕ್ಕಪ್ಪಾ! ಅಲ್ಲಾಡ್ಸಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಲಿ ನಿಮಗ?" ಮೆಟ್ಟಿಲ ಮೇಲಿಂದ ಪಲ್ಲವಿ ಕೂಗಿದಳು.

"ನಾನೆಲ್ಲಿ ಅಲ್ಲಾಡ್ಸಿದೆ? ಧೂಳ ಒರಸಾಕತ್ತಿದ್ದೆ."

"ಕಿವೀಲೆ ಒರಸ್ತಾರೇನು?"

ಅವರು ಡಬ್ಬಿಯನ್ನು ಮೆಲ್ಲಗೆ ಟೇಬಲ್ ಮೇಲಿಟ್ಟರು. ಮುಖದಲ್ಲಿ ನಾಚಿಕೆ ಇರಲಿಲ್ಲ, ನಿರಾಶೆ ಇತ್ತು. "ಸಪ್ಪಳನ ಬರವಲ್ದಲ್ಲೇ ಇದ್ರಾಗ" ಅಂದರು. ಪಲ್ಲವಿ ಕುಣಿದುಬಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಅದೇ.

ಪಲ್ಲವಿ ನನ್ನ ಅಕ್ಕನ ಮಗಳು, ಸಂಡೂರಿನವಳು. ಓದಿದ್ದು ಪ್ಯಾಕೇಜಿಂಗ್ ಡಿಸೈನ್. ಅಂದರೆ, ಒಳಗಿನ ವಸ್ತು ತೆಗೆದುಕೊಂಡು ನಾವು ಕಸಕ್ಕೆ ಎಸೆಯುತ್ತೇವಲ್ಲ, ಆ ಡಬ್ಬಿ, ಆ ರಟ್ಟು, ಆ ಮಡಿಕೆ, ಅದನ್ನೇ ವರ್ಷಗಟ್ಟಲೆ ಓದಿದ್ದಾಳೆ. (ಅದಕ್ಕೂ ಕಾಲೇಜು ಇರುತ್ತಾ ಅಂತ ನಮ್ಮಕ್ಕ ಇವತ್ತಿಗೂ ಕೇಳುತ್ತಾಳೆ. ಫೀಸು ಕಟ್ಟಿದ್ದೂ ಅವಳೇ.) ಪುಣೆಯಲ್ಲಿ ಟೂತ್‌ಪೇಸ್ಟ್ ಡಬ್ಬಿಗಳ ಕೆಲಸ ಸಿಕ್ಕಿತ್ತು. ಒಂದು ದಿನ ಆ ಕೆಲಸ ಬಿಟ್ಟು ಬಂದಳು. ಯಾಕೆ ಅಂದರೆ, "ಪೇಸ್ಟ್ ಡಬ್ಬಿ ಬಿಚ್ಚುವಾಗ ಯಾರರ ನಗ್ತಾರೇನ್ ಚಿಕ್ಕಮ್ಮ?" ಅಂದಳು. ನಾನು ಯೋಚಿಸಿ ನೋಡಿದೆ. ಬೆಳಗಿನ ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಂತೂ ಯಾರೂ ನಗುವುದಿಲ್ಲ.

ಅವಳ ಆಸೆ ಸರ್‌ಪ್ರೈಸ್ ಡಬ್ಬಿ ಮಾಡುವುದು. ಮಗು ಡಬ್ಬಿ ಕೈಗೆ ತೆಗೆದುಕೊಳ್ಳಬೇಕು, ಒಳಗೆ ಯಾವ ಆಟಿಕೆ ಇದೆ ಅಂತ ಗೊತ್ತಿರಬಾರದು, ಬಿಚ್ಚುತ್ತಾ ಹೋಗಬೇಕು, ಕಿರುಚಬೇಕು. ಆಟಿಕೆಗಳೂ ನಮ್ಮ ಕಡೆಯವೇ. ಹಂಪಿಯ ಕೋತಿ, ದರೋಜಿಯ ಕರಡಿ, ತುಂಗಭದ್ರೆಯ ನೀರುನಾಯಿ, ಒಂದು ಹರಿಗೋಲು. ಹೆಬ್ಬೆರಳಿನಷ್ಟೇ ಗಾತ್ರ. ಡಬ್ಬಿಯ ರಟ್ಟು ಕತ್ತರಿಸುವ ಪ್ರೆಸ್ ಇರುವುದು ಹೊಸಪೇಟೆಯಲ್ಲಿ. ಹಾಗಾಗಿ ನಮ್ಮ ಮನೆಯ ಮಹಡಿ ಕೋಣೆಯೇ ಅವಳ ಕಾರ್ಖಾನೆ. ನಾನು ಒಣಮೆಣಸಿನಕಾಯಿ ಹರಡುತ್ತಿದ್ದ ಜಾಗದಲ್ಲಿ ಈಗ ಕರಡಿಗಳು ಒಣಗುತ್ತವೆ.

ಡಬ್ಬಿಯ ಆಕಾರ ಹೊಳೆದದ್ದು ಮಾತ್ರ ನನ್ನ ಅಡುಗೆಮನೆಯಲ್ಲಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ರಾಯಲ್ಟಿಯ ಮಾತು ಇನ್ನೂ ಬಾಕಿ ಇದೆ. ಬುಕ್ಕಸಾಗರದ ತೋಟದಿಂದ ಬಂದ ಬಾಳೆಹೂವನ್ನು ಪಲ್ಯಕ್ಕೆ ಬಿಡಿಸುತ್ತಾ ಕೂತಿದ್ದೆ. ಒಂದು ಕೆಂಪು ಎಸಳು ಎತ್ತಿದರೆ ಕೆಳಗೆ ಸಾಲಾಗಿ ಮಲಗಿದ ಎಳೆ ಹೂಗಳು. ಇನ್ನೊಂದು ಎತ್ತಿದರೆ ಇನ್ನೊಂದು ಸಾಲು. ಪಲ್ಲವಿ ಚಹಾ ಲೋಟ ಹಿಡಿದು ನಿಂತವಳು ನಿಂತೇ ಇದ್ದಳು. "ಚಿಕ್ಕಮ್ಮ, ನಿಲ್ಲಸ್ರಿ. ಅದನ್ನ ನನಗ ಕೊಡ್ರಿ" ಅಂದಳು. ಅವತ್ತು ಪಲ್ಯ ಆಗಲಿಲ್ಲ. ಹೂವು ಮಹಡಿ ಸೇರಿತು. ನಾವು ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದೆವು.

ಹೀಗೆ ಹುಟ್ಟಿತು ಬಾಳೆಹೂವಿನ ಡಬ್ಬಿ. ಮಾಗಿದ ಕೆಂಪು ಬಣ್ಣದ ರಟ್ಟಿನ ಎಸಳುಗಳು, ಒಂದರ ಮೇಲೊಂದು. ಪ್ರತಿ ಎಸಳಿನ ಕೆಳಗೂ ಏನೋ ಒಂದು. ಮೊದಲು ಒಂದು ಎಲೆ, ಆಮೇಲೆ ಒಂದು ಪುಟ್ಟ ಬಂಡೆ, ಆಮೇಲೆ ಯಾರದೋ ಬಾಲ (ಹರಿಗೋಲಾದರೆ ಹುಟ್ಟು). ಕಟ್ಟಕಡೆಗೆ ನಡುವಿನಲ್ಲಿ ಬಾಲದ ಒಡೆಯ.

"ಮುಚ್ಚಿಡೋದು ಏನ್ ದೊಡ್ಡದಲ್ಲ ಚಿಕ್ಕಮ್ಮ. ಅದು ಹೆಂಗ ಬಿಚ್ಚಿಕೊಳ್ಳಬೇಕು ಅನ್ನೋದ ಭಾಳ ತ್ರಾಸು" ಅನ್ನುತ್ತಿದ್ದಳು. ತ್ರಾಸು ಕೊಟ್ಟವರು ನಾವೇ. ಮೊದಲು ಆಟಿಕೆಗಳನ್ನು ಕಟ್ಟಿಗೆಯಲ್ಲಿ ಮಾಡಿಸಿದ್ದಳು. ನಮ್ಮ ಯಜಮಾನರು ಕಿವಿಗೆ ಹಿಡಿದು "ಕೋತಿ" ಅಂದರು. ಬಿಚ್ಚಿದರೆ ಕೋತಿಯೇ! ಹಾಗಾಗಿ ಬಟ್ಟೆಗೆ ಬಂದಳು. ಸಂಡೂರಿನ ಹೆಣ್ಣುಮಕ್ಕಳು ಹೊಲಿದು ಕೊಟ್ಟರು, ಸಪ್ಪಳ ನಿಂತಿತು. ಆಗ ಪಕ್ಕದ ಮನೆಯ ಹುಡುಗಿ ಅಡುಗೆಮನೆಯ ತಕ್ಕಡಿ ತಂದು ತೂಗಿ, ಕರಡಿ ಯಾವುದು ಅಂತ ಹೇಳಿಬಿಟ್ಟಳು. ಎಲ್ಲಕ್ಕೂ ಒಂದೇ ತೂಕ ಬರುವ ಹಾಗೆ ಹತ್ತಿ ತುರುಕಿದ್ದಾಯಿತು. ಹಿಚುಕಿ ನೋಡುವವರು ಬಂದರು, ರಟ್ಟು ದಪ್ಪವಾಯಿತು. ಬೆಳಕಿಗೆ ಹಿಡಿದು ನೋಡುವವರು ಬಂದರು, ಒಳಗೆ ಕಪ್ಪು ಕಾಗದ ಬಂತು. ಹಾಲು ಹಾಕುವವನು ಮೂಸಿ ನೋಡಿದ. ಏನು ಸಿಗುತ್ತೆ ಅಂದುಕೊಂಡನೋ ದೇವರೇ ಬಲ್ಲ.

ನಮ್ಮ ಊರೇ ಹಾಗಲ್ಲವೇ? ಹೊಸಪೇಟೆಯಲ್ಲಿ ಕೈಯಲ್ಲಿ ಒಂದು ಕವರ್ ಹಿಡಿದು ಮಾರ್ಕೆಟ್ಟಿನಿಂದ ಮನೆಯವರೆಗೆ ನಡೆದು ನೋಡಿ. "ಏನ್ ತಂದ್ರಿ ಅಕ್ಕಾರ?" ಅಂತ ಕೇಳದವರು ಯಾರಾದರೂ ಇದ್ದಾರಾ? ಕೇಳಿದರೆ ಪರವಾಗಿಲ್ಲ, ಕವರ್‌ನ ಬಾಯಿ ಅಗಲಿಸಿ ಇಣುಕುತ್ತಾರೆ! ಅದು ನಮ್ಮ ಓಣಿಯಲ್ಲಿ ಜನ್ಮಸಿದ್ಧ ಹಕ್ಕು. ಇಂಥ ಊರಿನಲ್ಲಿ ಗುಟ್ಟಿನ ಡಬ್ಬಿ ಮಾಡಲು ಹೊರಟವಳ ಧೈರ್ಯಕ್ಕೆ ಏನು ಹೇಳೋಣ?

ಊರೊಂದನ್ನೇ ಯಾಕೆ ದೂರಲಿ? ನಮ್ಮ ಕಾಲಕ್ಕೇ ಏನನ್ನೂ ತಡೆದುಕೊಳ್ಳುವ ಅಭ್ಯಾಸ ತಪ್ಪಿದೆ. ಪಾರ್ಸೆಲ್ ಬರುವ ಮೊದಲೇ ಅದು ಎಲ್ಲಿಗೆ ಬಂತು ಅಂತ ಫೋನಿನಲ್ಲಿ ನೋಡುತ್ತೇವೆ. ಸಿನಿಮಾಕ್ಕೆ ಹೋಗುವ ಮೊದಲೇ ಟ್ರೇಲರ್ ಕಥೆಯನ್ನೆಲ್ಲ ಹೇಳಿ ಮುಗಿಸಿರುತ್ತದೆ. ನೆಂಟರು ಬಂದು ಬಾಗಿಲು ಬಡಿದ ಕಾಲ ಹೋಯಿತು. ಈಗ ಲೊಕೇಶನ್ ಕಳಿಸುತ್ತಾರೆ, ನಾವು ಆ ನೀಲಿ ಚುಕ್ಕೆಯನ್ನು ನೋಡಿಕೊಂಡು ಅನ್ನಕ್ಕಿಡುತ್ತೇವೆ. ಅನುಕೂಲವೇನೋ ಹೌದು. ಆದರೆ ಕದ ತೆಗೆದಾಗ "ಅಯ್ಯ, ನೀವಾ!" ಅಂತ ಕೂಗಿ ಎಷ್ಟು ದಿನವಾಯಿತು?

ಇರಲಿ, ಕಥೆಗೆ ಬರೋಣ.

ಬಳ್ಳಾರಿಯಲ್ಲಿ ಈರಣ್ಣ ಅಂತ ಒಬ್ಬರಿದ್ದಾರೆ. ಸುತ್ತಲಿನ ಊರುಗಳಲ್ಲೆಲ್ಲ ಅವರ ಆಟಿಕೆ ಅಂಗಡಿಗಳಿವೆ. ಅವರು ಹೂಂ ಅಂದರೆ ಪಲ್ಲವಿಯ ಡಬ್ಬಿ ಊರೂರಿಗೆ ಹೋಗುತ್ತದೆ. ಊಹೂಂ ಅಂದರೆ ನಮ್ಮ ಮಹಡಿಯಲ್ಲೇ ಉಳಿಯುತ್ತದೆ. ಅವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಚ್ಚದೆ ವಾಪಸ್ ಕೊಟ್ಟರಂತೆ.

"ನೋಡವ, ಡಬ್ಬಿ ಚಂದ ಐತಿ. ಚಂದ ಇದ್ರ ಸಾಲಂಗಿಲ್ಲ. ಹುಡುಗ್ರ ಕೈಯಾಗ ಕೊಡು, ಅವು ಬಿಚ್ಚೋದನ್ನ ನಾನು ಕಣ್ಣಾರೆ ನೋಡ್ಬೇಕು. ಹುಡುಗ್ರು ಕುಣಿದ್ರ ನಾನೂ ಕುಣೀತೀನಿ."

ಇತ್ತ ಚೆನ್ನೈ ಕಡೆಯ ಒಂದು ಸೋಪಿನ ಕಂಪನಿ ಪಲ್ಲವಿಯನ್ನು ಕೆಲಸಕ್ಕೆ ಕರೆದಿತ್ತು. ಸೋಮವಾರದೊಳಗೆ ಬರುತ್ತೀನಿ ಅಥವಾ ಬರೋಲ್ಲ ಅಂತ ಹೇಳಬೇಕು. ನಮ್ಮಕ್ಕ ದಿನಾ ಸಂಡೂರಿನಿಂದ ಫೋನ್ ಮಾಡಿ "ಸೋಪು ಎಲ್ಲಾರಿಗೂ ಬೇಕಾಗ್ತತಿ, ಕರಡಿ ಯಾರಿಗ್ ಬೇಕ?" ಅನ್ನುತ್ತಿದ್ದಳು. ಪಲ್ಲವಿ ತಾನೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಈರಣ್ಣನವರು ಒಪ್ಪಿದರೆ ಕರಡಿ, ಒಪ್ಪದಿದ್ದರೆ ಸೋಪು.

ಅದೇ ವಾರ ಎಮ್ಮಿಗನೂರಿನಲ್ಲಿ ತೊಟ್ಟಿಲ ಕಾರ್ಯ. ನಮ್ಮ ಯಜಮಾನರ ದೊಡ್ಡಪ್ಪನ ಮಗನಿಗೆ ಅಲ್ಲಿ ಅಕ್ಕಿ ಗಿರಣಿ ಇದೆ. ಅವರ ಮನೆಯಾಕೆ ಗಂಗಕ್ಕ ನನಗೆ ವಾರಗಿತ್ತಿ. ಗಂಗಕ್ಕನ ಮೊಮ್ಮಗಳಿಗೆ ಹೆಸರಿಡುವ ಸಮಾರಂಭ. ಗಿರಣಿಯವರಿಗೂ ಈರಣ್ಣನವರಿಗೂ ಹಳೆಯ ಸ್ನೇಹ, ಈರಣ್ಣನವರು ಹೆಂಡತಿಯ ಜೊತೆ ಬರುವವರಿದ್ದರು. ಮಕ್ಕಳಂತೂ ಗಿರಣಿ ಅಂಗಳದ ತುಂಬ ಇರುತ್ತಾರೆ. ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿ ಸಿಗುತ್ತದೆ? ಊಟವಾದ ಮೇಲೆ ಪ್ರತಿ ಮಗುವಿನ ಕೈಗೂ ಒಂದೊಂದು ಡಬ್ಬಿ, ಮುಂದೆ ಕುರ್ಚಿ ಹಾಕಿಕೊಂಡು ಈರಣ್ಣನವರು. ಗಂಗಕ್ಕನೂ ಖುಷಿಯಿಂದ ಒಪ್ಪಿದರು.

ಹೆಸರಿಡುವಾಗ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಗುಟ್ಟಾಗಿ ಹೆಸರು ಹೇಳಿದಳು. ನಾವೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದೆವು. (ಆ ಗುಟ್ಟಿನ ಹೆಸರು ವಾಟ್ಸಾಪ್ ಇನ್ವಿಟೇಶನ್‌ನಲ್ಲಿ ಬಂಗಾರದ ಅಕ್ಷರದಲ್ಲಿ ಆಗಲೇ ಎಲ್ಲರಿಗೂ ಬಂದಿತ್ತು. ಗೊತ್ತಿಲ್ಲದಿದ್ದದ್ದು ಕೂಸಿಗೊಂದಕ್ಕೇ.) ಹುಗ್ಗಿ ಊಟವಾಯಿತು. ಪಲ್ಲವಿ ಡಬ್ಬಿಗಳ ಬುಟ್ಟಿಯನ್ನು ತೊಟ್ಟಿಲ ಪಕ್ಕ ಇಟ್ಟು, ಈರಣ್ಣನವರನ್ನು ಕರೆತರಲು ಗೇಟಿನ ಕಡೆ ಹೋದಳು.

ಅಷ್ಟರಲ್ಲಿ ಗಂಗಕ್ಕ ಬುಟ್ಟಿ ನೋಡಿದರು.

"ಅಯ್ಯ ಶಿವನೇ, ಎಷ್ಟು ಚಂದ ಅದಾವ! ಇಂಥಾವನ್ನ ಚಾಕ್ಲೇಟ್ ಕೊಟ್ಟಂಗ ಬರೇ ಕೈಯಾಗ ಕೊಡಾಕಾಗ್ತೈತೇನು? ತಗೊಂಬರ್ರಿ, ಉಡ್ಯಾಗ ಹಾಕ್ತೀನಿ."

ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬದೆ ಕಳಿಸುವುದುಂಟೇ? ಸೆರಗು ಒಡ್ಡಿದರೆ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು. ಈಗ ಅದರ ಜೊತೆಗೆ ಅರಿಷಿಣ ಕುಂಕುಮ ಹಚ್ಚಿದ ಒಂದು ಬಾಳೆಹೂವಿನ ಡಬ್ಬಿ. ತಾಯಂದಿರು ಸಾಲಾಗಿ ಬಂದರು. ಗಂಗಕ್ಕ ಬೊಗಸೆ ಬೊಗಸೆ ತುಂಬಿದರು. ಮೊದಲು ಸೆರಗು ಒಡ್ಡಿದವಳು ನಾನೇ! ಕೆಂಪು ಡಬ್ಬಿ ಬಿಳಿ ಅಕ್ಕಿಯ ಮೇಲೆ ಕೂತದ್ದು ಎಷ್ಟು ಚೆಂದ ಕಂಡಿತೆಂದರೆ, ಆಗಬಾರದ್ದು ಆಗುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ.

ನಿಮಗೆ ಹೊಳೆಯಿತಲ್ಲ? ತುಂಬಿದ ಉಡಿಯನ್ನು ನಮ್ಮಲ್ಲಿ ದಾರಿಯಲ್ಲಿ ಬಿಚ್ಚುವುದಿಲ್ಲ. ಮನೆಗೆ ಹೋಗಬೇಕು, ದೀಪ ಹಚ್ಚಬೇಕು, ದೇವರ ಮುಂದೆ ಬಿಚ್ಚಬೇಕು.

ಪಲ್ಲವಿ ಈರಣ್ಣನವರ ಜೊತೆ ಪೆಂಡಾಲಿಗೆ ಬಂದಾಗ ಬುಟ್ಟಿ ಖಾಲಿ. ಡಬ್ಬಿಗಳೆಲ್ಲ ಸೆರಗಿನ ಗಂಟಿನೊಳಗೆ. ಗಂಗಕ್ಕ ಹೆಮ್ಮೆಯಿಂದ "ನೋಡ್ ಪಲ್ಲವಿ, ಒಂದೂ ಉಳೀಲಿಲ್ಲ!" ಅಂದರು. ಪಲ್ಲವಿಯ ಮುಖ ನೋಡಲಾರದೆ ನಾನು ತೊಟ್ಟಿಲ ಕಡೆ ನೋಡಿದೆ.

ಮಕ್ಕಳು ತಾಯಂದಿರ ಬೆನ್ನು ಬಿದ್ದಿದ್ದವು. ಎರಡು ಜಡೆಯ ಒಂದು ಹುಡುಗಿ ಉಡಿಯ ಗಂಟನ್ನು ಬೆರಳಿಂದ ತಿವಿದು ತಿವಿದು ನೋಡುತ್ತಿದ್ದಳು.

"ಅವ್ವಾ, ಒಂದ ಸಲ ತೋರ್ಸ ಅವ್ವಾ!"

"ಮುಟ್ಟಬ್ಯಾಡಲೇ! ಮನಿಗೆ ಹೋದಮ್ಯಾಲೆ."

ಪಲ್ಲವಿ ಓಡಾಡಿದಳು. (ಗಂಗಕ್ಕನ ಎದುರೇ ನನ್ನ ಉಡಿ ಬಿಚ್ಚುವ ಧೈರ್ಯ ನನಗೂ ಬರಲಿಲ್ಲ.) ಇವರನ್ನು ಕೇಳಿದಳು, ಅವರನ್ನು ಕೇಳಿದಳು. "ಒಂದ ಡಬ್ಬಿ ಕೊಡ್ರಿ ಅಕ್ಕಾರ, ಒಂದ ಸಾಕು." ಕಡೆಗೆ ಈರಣ್ಣನವರ ಹೆಂಡತಿ ಶಾರದಮ್ಮನವರನ್ನೇ ಕೇಳಿದಳು, ಅವರ ಉಡಿಯಲ್ಲೂ ಒಂದಿತ್ತು. ಅವರು ಎರಡೂ ಕೈಯಿಂದ ಗಂಟು ಅಪ್ಪಿಕೊಂಡರು. "ತೊಟ್ಟಿಲ ಮನಿ ಉಡಿ ಇಲ್ಲೇ ಬಿಚ್ಚಂತೀಯಲ್ಲ, ಏನ್ ಕಲ್ತಿಯವ್ವ ನೀನು!"

ಮಕ್ಕಳು ಡಬ್ಬಿ ಬಿಚ್ಚುವುದನ್ನು ನೋಡಲೆಂದು ಹಾಕಿದ್ದ ಕುರ್ಚಿಯಲ್ಲಿ ಈರಣ್ಣನವರು ಸುಮ್ಮನೆ ಕೂತರು. "ನಾನು ಅಷ್ಟ್ ದೂರದಿಂದ ಬಂದಿದ್ದ ಇದನ್ನ ನೋಡಾಕ. ಈಗ ಏನ್ ನೋಡ್ಲಿ? ಎಲ್ಲಾರ ಸೆರಗು ನೋಡ್ಕೋತ ಕುಂದರ್ಲ್ಯಾ?" ಅಂದರು. ಶಾರದಮ್ಮ ದುರುಗುಟ್ಟಿ ನೋಡಿದ ಮೇಲೆ ಆ ಮಾತನ್ನು ಮುಂದುವರಿಸಲಿಲ್ಲ. ಹೊತ್ತಾಯಿತು ಅಂತ ಎದ್ದು ಹೊರಟೇಬಿಟ್ಟರು.

ನಾವೂ ಕಾರು ಹತ್ತಿ ವಾಪಸ್ ಹೊರಟೆವು. ಕಂಪ್ಲಿ ದಾಟಿತು. ಕಿಟಕಿಯಾಚೆ ಗದ್ದೆಯ ಮೇಲೆ ಕೊಕ್ಕರೆಗಳು ಕೂತಿದ್ದವು, ಪಲ್ಲವಿ ಅವನ್ನೂ ನೋಡಲಿಲ್ಲ. "ಸೋಮವಾರ ಸೋಪಿನವರಿಗೆ ಹೂಂ ಅಂತೀನಿ ಚಿಕ್ಕಮ್ಮ" ಅಂದಳು. ನನ್ನ ಉಡಿಯಲ್ಲಿದ್ದ ಡಬ್ಬಿ ಆಗ ಬಂಡೆಯಷ್ಟು ಭಾರ ಅನ್ನಿಸಿತು. ಗಂಗಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ, ಪ್ರೀತಿಯಿಂದ ಮಾಡಿದವರ ಮೇಲೆ ಹೇಗೆ ಸಿಟ್ಟಾಗುವುದು?

ಬುಕ್ಕಸಾಗರದ ಹತ್ತಿರ ಅವಳ ಫೋನು ಬಡಿದುಕೊಂಡಿತು. ಈರಣ್ಣನವರು! ಸ್ಪೀಕರ್ ಹಾಕಿದಳು.

"ಪಲ್ಲವೀ, ಕುರುಗೋಡ್ನಾಗ ಚಾ ಕುಡಿಯಾಕ ನಿಂತೀವಿ. ಅಲ್ಲವ, ಅದ್ರಾಗ ಏನೈತಿ?"

"ಯಾವುದ್ರಾಗ ಅಂಕಲ್?"

"ಅದ, ನಿನ್ನ ಡಬ್ಬ್ಯಾಗ. ನಮ್ಮನಿಯಾಕಿ ಬಿಚ್ಚಾಕ ಬಿಡವಲ್ಲಳು. ಅಲ್ಲಾಡ್ಸಿದ್ರ ಸಪ್ಪಳ ಇಲ್ಲ, ಒತ್ತಿದ್ರ ಗೊತ್ತಾಗವಲ್ದು. ಏನ್ ಹಾಕೀಯವ ಒಳಗ?"

ಹಿಂದಿನಿಂದ ಶಾರದಮ್ಮನ ಧ್ವನಿ ಕೇಳಿತು. "ರೀ! ಉಡಿ ಬಿಟ್ಟು ಚಾ ಕುಡೀರಿ!"

ನಮ್ಮ ಯಜಮಾನರು ಸ್ಟೇರಿಂಗ್ ಹಿಡಿದೇ "ಹೇಳು, ಹೇಳಿಬಿಡು" ಅಂತ ಸನ್ನೆ ಮಾಡಿದರು. ನಾನೂ ಅದನ್ನೇ ಅಂದುಕೊಂಡೆ. ದೊಡ್ಡ ವ್ಯಾಪಾರಿ, ತಾವಾಗಿ ಕೇಳುತ್ತಿದ್ದಾರೆ, ಇದೇ ಕೊನೆಯ ಅವಕಾಶ. ಕೋತಿಯೋ ಕರಡಿಯೋ ಬಾಯಿಬಿಟ್ಟು ಹೇಳಬಾರದೇ ಮಾರಾಯ್ತಿ?

ಪಲ್ಲವಿ ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಆಮೇಲೆ ಅವಳ ತುಟಿಯ ಮೇಲೆ ನಗು ಬಂತು. ಎಮ್ಮಿಗನೂರು ಬಿಟ್ಟ ಮೇಲೆ ಮೊದಲನೆಯ ನಗು.

"ಹೇಳಂಗಿಲ್ಲ ಅಂಕಲ್. ಮನಿಗೆ ಹೋಗಿ ನೋಡ್ರಿ."

ಫೋನ್ ಕಟ್ ಆಯಿತು. "ಆತು, ಮುಗೀತು" ಅಂದರು ನಮ್ಮವರು.

ಮನೆಗೆ ಬಂದು, ದೀಪ ಹಚ್ಚಿ, ನನ್ನ ಉಡಿ ಬಿಚ್ಚಿ ಅಕ್ಕಿ ತೆಗೆದಿಟ್ಟೆ. ಡಬ್ಬಿ ಮುಟ್ಟುವ ಮನಸ್ಸಾಗಲಿಲ್ಲ. ಪಲ್ಲವಿ ಮಹಡಿ ಹತ್ತಲಿಲ್ಲ, ಸೋಫಾದಲ್ಲಿ ಕಾಲು ಮಡಚಿ ಕೂತಿದ್ದಳು. ಕುಕ್ಕರ್ ಕೂಗುವ ಹೊತ್ತಿಗೆ ಮತ್ತೆ ಫೋನ್ ಬಂತು. ಈ ಸಲ ಈರಣ್ಣನವರ ಧ್ವನಿಯ ಹಿಂದೆ ಒಂದು ಸಂತೆಯಷ್ಟು ಗದ್ದಲವಿತ್ತು.

"ನೀರುನಾಯಿ ಬಂತವ್ವ, ನೀರುನಾಯಿ! ನಮ್ಮ ಸಣ್ಣ ಮೊಮ್ಮಗ ಬಾಲ ನೋಡಿ ಮಂಗ್ಯಾ ಅಂತಿದ್ದ, ದೊಡ್ಡಾಕಿ ಕರಡಿ ಅಂತಿದ್ಲು. ಕರಡಿಗೆ ಅಷ್ಟುದ್ದ ಬಾಲ ಎಲ್ಲಿರ್ತತಿ ಅಂತ ನಾನು ಜಗಳ ತಗದೆ!"

ಆಮೇಲೆ ಅವರು ಒಂದೊಂದಾಗಿ ಹೇಳುತ್ತಾ ಹೋದರು. ಮನೆ ಮುಟ್ಟಿದಾಗಿನಿಂದ ಮೊಮ್ಮಕ್ಕಳಿಬ್ಬರೂ ದೇವರಮನೆಯ ಬಾಗಿಲಲ್ಲೇ ಕೂತುಬಿಟ್ಟಿದ್ದವಂತೆ. ಮಗ ಅಂಗಡಿಯಿಂದ ಬರಲಿ, ಆಮೇಲೆ ಬಿಚ್ಚುತ್ತೀನಿ ಅಂದರಂತೆ ಶಾರದಮ್ಮ. ಮಕ್ಕಳು ಅಪ್ಪನಿಗೆ ಫೋನ್ ಮಾಡಿ ಮಾಡಿ ಅಂಗಡಿ ಬಾಗಿಲು ಜಲ್ದಿ ಹಾಕಿಸಿದವಂತೆ. ಸೊಸೆ ಅಡುಗೆ ಬಿಟ್ಟು ಬಂದಳಂತೆ. ಎಸಳಿಗೊಬ್ಬರಂತೆ ಸರದಿ ಹಾಕಿಕೊಂಡು ಬಿಚ್ಚಿದರಂತೆ, ಈರಣ್ಣನವರಿಗೆ ಬಂದದ್ದು ಬಂಡೆಯ ಎಸಳಂತೆ.

ಹೇಳುತ್ತಾ ಹೇಳುತ್ತಾ ಅವರ ದನಿ ಸ್ವಲ್ಪ ಮೆತ್ತಗಾಯಿತು. "ದಿನಾ ಆಟಿಗಿ ಮಾರಾಂವ ನಾನು. ಹುಡುಗ್ರು ಅಂಗಡ್ಯಾಗ ಕವರ್ ಹರೀತಾವ, ಗಾಡಿ ಹತ್ತೂದ್ರಾಗ ಬ್ಯಾಸರ ಆಗಿ ಒಗೀತಾವ. ಇವತ್ತ ನೋಡು, ಮೂರು ತಲಿಮಾರು ಒಂದ ಕಡೆ ಕುಂತೀವಿ. ಟಿವಿ ಇಲ್ಲ, ಫೋನ್ ಇಲ್ಲ. ಹಿಂಗ ಕುಂತು ಭಾಳ ದಿನ ಆಗಿತ್ತವ."

ಪಲ್ಲವಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಮುಚ್ಚಿಡುವುದೇನು? ನಮ್ಮ ಯಜಮಾನರು ಮಾತ್ರ ಆ ಸಂದರ್ಭ ನೋಡಿ ಸದ್ದಿಲ್ಲದೆ ನನ್ನ ಡಬ್ಬಿಯನ್ನು ಎತ್ತಿಕೊಂಡು ಕಿವಿಗೆ ಹಿಡಿದಿದ್ದರು.

"ಡಬ್ಬಿ ನಾನು ತಗೋತೀನಿ, ಎಲ್ಲಾ ಅಂಗಡಿಗೂ" ಅಂದರು ಈರಣ್ಣನವರು. "ಆದ್ರ ಮ್ಯಾಲೆ ಒಂದು ಸಾಲು ಬರೀಬೇಕು. ಮನಿಗೆ ಹೋದಮ್ಯಾಲೆ, ಎಲ್ಲಾರೂ ಕುಂತಮ್ಯಾಲೆ ಬಿಚ್ಚಬೇಕು ಅಂತ. ಬರೀತೀಯಾ?"

ಬರೀತೀಯಾ ಅಂತ ಕೇಳಬೇಕೇ! ಎಮ್ಮಿಗನೂರಿನ ಕಡೆಯಿಂದಲೂ ಮರುದಿನ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ನಮಗೆ ಹರಿಗೋಲು ಬಂತು, ಪಕ್ಕದವರಿಗೆ ಕರಡಿ ಬಂತು, ನಮ್ಮ ಹುಡುಗಿ ಬದಲಿ ಮಾಡಿಕೊಂಡು ಬಂದಳು, ಇನ್ನೊಂದು ಎಲ್ಲಿ ಸಿಗುತ್ತದೆ? ಗಂಗಕ್ಕ ತಾವೇ ಈ ಡಬ್ಬಿ ಕಂಡುಹಿಡಿದವರ ಗತ್ತಿನಲ್ಲಿ "ನಾ ಹೇಳಿದ್ನಿಲ್ಲ?" ಅಂದರು. ಹೇಳಿರಲಿಲ್ಲ. ಆದರೂ ಹೌದು ಅಕ್ಕ ಅಂದೆ. ಸೋಮವಾರ ಪಲ್ಲವಿ ಸೋಪಿನವರಿಗೆ ನಯವಾಗಿ ಇಲ್ಲ ಅಂದಳು. ನಮ್ಮಕ್ಕ ಒಂದು ದಿನ ಮುನಿಸಿಕೊಂಡು, ಮಾರನೇ ದಿನ ತನಗೂ ಒಂದು ಡಬ್ಬಿ ಕಳಿಸು ಅಂದಳು.

ಈಗ ಪ್ರೆಸ್‌ನಿಂದ ಹೊಸ ಡಬ್ಬಿಗಳು ಬಂದಿವೆ. ಮೇಲಿನ ಎಸಳಿನ ಮೇಲೆ ಸಣ್ಣ ಅಕ್ಷರದಲ್ಲಿ ಆ ಸಾಲು ಇದೆ. "ಮನೆಗೆ ಹೋದ ಮೇಲೆ, ಎಲ್ಲರೂ ಕೂತ ಮೇಲೆ ಬಿಚ್ಚಿ." ಮೊದಲನೆಯದು ಕಷ್ಟವಲ್ಲ, ಎಲ್ಲರೂ ಒಂದಲ್ಲ ಒಂದು ಹೊತ್ತಿಗೆ ಮನೆಗೆ ಹೋಗಿಯೇ ಹೋಗುತ್ತೇವೆ.

ಎಲ್ಲರೂ ಕೂತ ಮೇಲೆ ಅಂದರೆ, ನಿಮ್ಮ ಮನೆಯಲ್ಲಿ ಅದು ಯಾವಾಗ?